ಆ ಎಂಡ್ ಕ್ಯಾಪ್ ಮೊದಲು ತೆಗೆಸಿ: ಸೌದೆ ಬಾಯ್ಲರ್ ತೊಂದರೆಗಳ ಬಗ್ಗೆ

ಪ್ರಶ್ನೆ: ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ. ಬಚ್ಚಲಿನ ಹಿಂದಿನ ಇಳಿಮಾಡಿನಲ್ಲಿ 100 ಲೀಟರಿನ ತಾಮ್ರದ ಸೌದೆ ಬಾಯ್ಲರ್ ಇದೆ. 12 ವರ್ಷ ಹಳೆಯದು. ಕಳೆದ ವರ್ಷ ಹೋಂಸ್ಟೇಗೆಂದು ಮಹಡಿ ಮೇಲೆ ಎರಡು ರೂಮ್ ಕಟ್ಟಿಸಿದೆವು. ಶವರಿಗೆ ಪ್ರೆಷರ್ ಬರಲಿ ಎಂದು ನೀರಿನ ಟ್ಯಾಂಕನ್ನೂ ಎತ್ತರಿಸಿದೆವು. ಆಮೇಲೆ ಬಾಯ್ಲರಿನ ಮೇಲೆ ನಿಂತಿರುವ ಪೈಪಿನಿಂದ ಸದಾ ನೀರು ಚೆಲ್ಲತೊಡಗಿತು. ಎಂಡ್ ಕ್ಯಾಪ್ ಹಾಕಿಸಿ ನಿಲ್ಲಿಸಿದೆವು. ಈ ಮಳೆಗಾಲದಲ್ಲಿ ಒಂದಲ್ಲ ಒಂದು ತೊಂದರೆ. ಬಾಯ್ಲರ್ ಒಳಗೆ ಧಡ್ ಧಡ್ ಸದ್ದು, ನಲ್ಲಿ ತೆರೆದರೆ ಆವಿ ಉಗುಳುತ್ತದೆ. ಮೇಲಿನ ಟ್ಯಾಂಕಿನ ನೀರೂ ಬಿಸಿಯಾಗುತ್ತಿದೆ. ಬಚ್ಚಲಿಗೆ ಹೊಗೆ ನುಗ್ಗುತ್ತದೆ. ಒಂದು ಗಂಟೆ ಉರಿಸಿದರೂ ನೀರು ಸರಿಯಾಗಿ ಕಾಯುವುದಿಲ್ಲ. ಬಾಯ್ಲರಿನ ತಳದಿಂದ ನೀರು ತೊಟ್ಟಿಕ್ಕುತ್ತದೆ. ಟ್ಯಾಂಕಿಗೆ ಬಿಸಿ ನೀರು ಹೋಗದಂತೆ, ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಆದ ಎನ್‌ಆರ್‌ವಿ ಹಾಕೋಣ, ಬಾಯ್ಲರ್ ಮಾತ್ರ ತೂತಾಗಿದೆ, ಹೊಸದು ತರಬೇಕು ಎನ್ನುತ್ತಾರೆ ಪ್ಲಂಬರ್. ಏನು ಮಾಡಲಿ? ಗೀಸರ್ ಇದೆ, ಅದೂ 25 ಲೀಟರ್ ಕಾಯಿಸಲು ಒಂದು ಗಂಟೆ ತೆಗೆದುಕೊಳ್ಳುತ್ತದೆ.

ಉತ್ತರ: ಅಕ್ಕ, ಎಲ್ಲದಕ್ಕೂ ಉತ್ತರ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಆ ಎಂಡ್ ಕ್ಯಾಪ್ ತೆಗೆಸುವ ತನಕ ಬಾಯ್ಲರಿಗೆ ಬೆಂಕಿ ಹಾಕಬೇಡಿ. ಎನ್‌ಆರ್‌ವಿ ಅಂತೂ ಹಾಕಿಸಲೇಬೇಡಿ. ಅತಿಥಿಗಳು ಬರುವವರಿದ್ದರೆ ಎರಡು ದಿನ ಒಲೆಯ ಮೇಲೆ ಹಂಡೆಯಲ್ಲಿ ನೀರು ಕಾಯಿಸಿಕೊಡಿ. ಕಷ್ಟ ಅಂತ ಗೊತ್ತು, ಆದರೂ ಹಾಗೆಯೇ ಮಾಡಿ.

ಇನ್ನೊಂದು ಸಮಾಧಾನದ ಮಾತು. ನೀವು ಬರೆದಿರುವುದನ್ನು ಓದಿದರೆ ನಿಮ್ಮ ಬಾಯ್ಲರ್ ಕೆಟ್ಟಿರುವ ಹಾಗೆ ನನಗೆ ಕಾಣುವುದಿಲ್ಲ. ಸದ್ದು, ಆವಿ, ಟ್ಯಾಂಕ್ ಬಿಸಿಯಾಗುವುದು ಈ ಮೂರೂ ಆ ಒಂದು ಕ್ಯಾಪಿನಿಂದ ಬಂದವು. ಹೊಗೆ, ನೀರು ಕಾಯದಿರುವುದು, ತಳದ ತೊಟ್ಟು ಇವಕ್ಕೆ ಹೆಚ್ಚಾಗಿ ಕಾರಣ ಹಸಿ ಸೌದೆ, ಮಸಿ ಮತ್ತು ಇಳಿಮಾಡಿನ ಸುತ್ತ ಕಟ್ಟಿರುವ ಟಾರ್ಪಾಲ್. ಟಾರ್ಪಾಲ್ ಬಗ್ಗೆ ನೀವು ಬರೆದಿಲ್ಲ. ಆದರೆ ಜುಲೈ ತಿಂಗಳಲ್ಲಿ ನಾಪೋಕ್ಲು ಕಡೆ ಟಾರ್ಪಾಲ್ ಕಟ್ಟದ ಇಳಿಮಾಡು ನಾನು ನೋಡಿದ್ದು ಕಡಿಮೆ, ಅದಕ್ಕೇ ಹೇಳಿದೆ.

ಮೊದಲು ಆ ಪೈಪ್ ಯಾಕೆ ಇದೆ ಅಂತ ನೋಡೋಣ. ನಮ್ಮಲ್ಲಿ ಅದಕ್ಕೆ ಏರ್ ಪೈಪ್ ಅನ್ನುತ್ತೇವೆ. ಹೆಸರು ಕೇಳಿ ಜನ ಅದನ್ನು ಗಾಳಿ ಹೋಗುವ ಪೈಪ್ ಎಂದಷ್ಟೇ ತಿಳಿಯುತ್ತಾರೆ. ಅದು ಬಾಯ್ಲರಿನ ಉಸಿರು. ನೀರು ಕಾಯ್ದರೆ ಹಿಗ್ಗುತ್ತದೆ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 80 ಡಿಗ್ರಿಗೆ ಕಾಯಿಸಿದರೆ ಎರಡೂವರೆ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಹೆಚ್ಚುವರಿಯಾಗಿ ಜಾಗ ಕೇಳುತ್ತದೆ. ಇನ್ನೂ ಉರಿಸಿದರೆ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಾದರೆ ಮಡಿಕೇರಿಯ ಎತ್ತರದಲ್ಲಿ, ಅಂದರೆ ಸುಮಾರು 1,150 ಮೀಟರಿನಲ್ಲಿ, ನೀರು 96 ಡಿಗ್ರಿಗೇ ಕುದಿಯುತ್ತದೆ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಸುಮಾರು 1,600 ಲೀಟರಿನಷ್ಟು ಜಾಗ ಬೇಕು. ಅದಕ್ಕೆ ದಾರಿ ಏರ್ ಪೈಪ್ ಒಂದೇ. ಗ್ಯಾಸ್ ಒಲೆಯನ್ನು ಆರಿಸಿದ ಹಾಗೆ ಸೌದೆ ಬೆಂಕಿಯನ್ನು ಒಂದು ಗುಂಡಿ ಒತ್ತಿ ಆರಿಸಲು ಆಗುವುದಿಲ್ಲ. ಕೆಂಡ ಇರುವ ತನಕ ಕಾವು ಏರುತ್ತಲೇ ಇರುತ್ತದೆ. ಹಾಗಾಗಿ ಸೌದೆ ಬಾಯ್ಲರಿಗೆ ತೆರೆದ ಏರ್ ಪೈಪ್ ಇರಲೇಬೇಕು. ಅದರಲ್ಲಿ ಎಲ್ಲೂ ವಾಲ್ವ್ ಇರಬಾರದು.

ನಿಮ್ಮಲ್ಲಿ ನಡೆದದ್ದು ಇಷ್ಟು. ಟ್ಯಾಂಕ್ ಮೊದಲಿದ್ದ ಎತ್ತರಕ್ಕೆ ಸರಿಯಾಗಿ ಏರ್ ಪೈಪ್ ನಿಲ್ಲಿಸಿದ್ದರು. ಟ್ಯಾಂಕ್ ಮೇಲೆ ಹೋಯಿತು, ಏರ್ ಪೈಪ್ ಅಲ್ಲೇ ಉಳಿಯಿತು. ಟ್ಯಾಂಕಿನ ನೀರಿನ ಮಟ್ಟ ಪೈಪಿನ ಬಾಯಿಗಿಂತ ಮೇಲಾಯಿತು. ನೀರು ತನ್ನ ಮಟ್ಟ ಹುಡುಕಿಕೊಂಡು ಅಲ್ಲಿಂದ ಚೆಲ್ಲಿತು. ಅದು ಪೈಪಿನ ತಪ್ಪಲ್ಲ. ಪೈಪನ್ನೂ ಎತ್ತರಿಸಿದ್ದರೆ ಅವತ್ತೇ ಮುಗಿಯುತ್ತಿತ್ತು.

ಕ್ಯಾಪ್ ಹಾಕಿದ ಮೇಲೆ ಏನಾಯಿತು ಗೊತ್ತಾ? ಕುದಿದ ನೀರಿನ ಆವಿ ಬಾಯ್ಲರಿನ ನೆತ್ತಿಯಲ್ಲಿ ತುಂಬಿಕೊಂಡಿತು. ಹೊರಗೆ ಹೋಗಲು ದಾರಿ ಇಲ್ಲ. ಅದು ಕೆಳಗಿನ ನೀರನ್ನು ಒತ್ತಿತು. ತಣ್ಣೀರಿನ ಪೈಪ್ ಬಾಯ್ಲರಿನ ತಳಕ್ಕೆ ಬರುತ್ತದೆ ಅಲ್ವಾ, ಬಿಸಿ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹತ್ತಿ ಟ್ಯಾಂಕಿಗೆ ಹೋಯಿತು. ಟ್ಯಾಂಕ್ ಬಿಸಿಯಾಗಿದ್ದು ಹೀಗೆ. ನೀವು ನಲ್ಲಿ ತೆರೆದಾಗ ನೆತ್ತಿಯಲ್ಲಿದ್ದ ಆವಿ ಮೊದಲು ಬಂತು. ಆವಿ ಹೋದ ಜಾಗಕ್ಕೆ, ಅಥವಾ ತಣ್ಣಗಾಗಿ ಕುಗ್ಗಿದ ಜಾಗಕ್ಕೆ, ಟ್ಯಾಂಕಿನ ನೀರು ಒಮ್ಮೆಲೇ ನುಗ್ಗಿ ಬಂದು ಬಡಿಯಿತು. ಆ ಬಡಿತವೇ ಧಡ್ ಧಡ್.

ಈಗ ಎನ್‌ಆರ್‌ವಿ ವಿಷಯ. ನಿಮ್ಮ ಪ್ಲಂಬರ್ ಕೆಟ್ಟ ಉದ್ದೇಶದಿಂದ ಹೇಳಿಲ್ಲ. ಟ್ಯಾಂಕ್ ಬಿಸಿಯಾಗುತ್ತಿದೆ, ನೀರು ಹಿಂದೆ ಹೋಗದಂತೆ ತಡೆಯೋಣ ಅಂತ ಯೋಚಿಸಿದ್ದಾರೆ. ಆದರೆ ಇಷ್ಟು ದಿನ ನಿಮ್ಮ ಮನೆಯನ್ನು ಕಾಪಾಡಿದ್ದು ಹಾಗೆ ಹಿಂದೆ ಹೋಗುತ್ತಿದ್ದ ನೀರೇ. ಮೇಲೆ ಕ್ಯಾಪ್, ಹಿಂದೆ ಎನ್‌ಆರ್‌ವಿ, ನಲ್ಲಿಗಳೆಲ್ಲ ಬಂದ್, ಕೆಳಗೆ ಬೆಂಕಿ. ಹೀಗಾದರೆ ಎಲ್ಲಾ ಕಡೆ ಮುಚ್ಚಿದ ಪಾತ್ರೆಯಲ್ಲಿ ನೀರು ಕುದಿಸಿದಂತೆ. ತಾಮ್ರದ ತೆಳು ತಗಡು, ಕೈಯಲ್ಲಿ ಬೆಸೆದ ಕೀಲು. ಅದು ಎಲ್ಲಿಯಾದರೂ ಒಡೆಯಲೇಬೇಕು. ಒಡೆಯುವಾಗ ಎದುರಿಗೆ ಸೌದೆ ಹಾಕುತ್ತಿರುವವರು ಇರುತ್ತಾರೆ. ತಣ್ಣೀರಿನ ಪೈಪಿನಲ್ಲಿ ಬಾಯ್ಲರ್ ಹತ್ತಿರ ಗೇಟ್ ವಾಲ್ವ್ ಇದ್ದರೆ ಅದೂ ಇಷ್ಟೇ ಅಪಾಯ. ಯಾರಾದರೂ ರಿಪೇರಿಗೆ ತಿರುಗಿಸಿ ಮರೆತರೆ ಮುಗಿಯಿತು. ರಿಪೇರಿಗೆ ವಾಲ್ವ್ ಬೇಕು ನಿಜ. ಅದರ ತಿರುಗುಹಿಡಿ ಬಿಚ್ಚಿ ಬೇರೆ ಕಡೆ ನೇತುಹಾಕಿ. ಸುಮ್ನೆ ಕೈಗೆ ಸಿಗುವ ಹಾಗೆ ಇರಬಾರದು.

ಕ್ಯಾಪ್ ತೆಗೆಸುವುದು ಹೇಗೆ? ಬೆಂಕಿ ಹಾಕದೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಾಯ್ಲರ್ ಮುಟ್ಟಿದರೆ ಪೂರ್ತಿ ತಣ್ಣಗಿರಬೇಕು. ಕೆಳಗಿನ ಬಚ್ಚಲಿನ ಬಿಸಿ ನೀರಿನ ನಲ್ಲಿ ತೆರೆದಿಡಿ. ಟ್ಯಾಂಕಿನ ಹತ್ತಿರ ತಣ್ಣೀರಿನ ವಾಲ್ವ್ ಬಂದ್ ಮಾಡಿ, ಆಮೇಲೆ ಕ್ಯಾಪ್ ಬಿಚ್ಚಲಿ. ಅವತ್ತೇ ಪೈಪ್ ಎತ್ತರಿಸಿ ಮುಗಿಸಬೇಕು. ಪೈಪ್ ಸಿಗಲಿಲ್ಲ, ನಾಳೆ ಬರುತ್ತೇನೆ ಎಂದು ಹೋದರೆ ಕ್ಯಾಪ್ ಮತ್ತೆ ಹಾಕಲು ಬಿಡಬೇಡಿ. ಬದಲಿಗೆ ಟ್ಯಾಂಕಿನ ನೀರು ಏರ್ ಪೈಪಿನ ಬಾಯಿಗಿಂತ ಕೆಳಗೆ ಇರುವಷ್ಟು ಮಾತ್ರ ತುಂಬಿಸಿ. ಟ್ಯಾಂಕಿನ ತಳವೇ ಪೈಪಿನ ಬಾಯಿಗಿಂತ ಮೇಲಿದ್ದರೆ ಬಾಯ್ಲರಿನ ವಾಲ್ವ್ ಬಂದ್ ಇಟ್ಟು, ಬೆಂಕಿ ಮುಟ್ಟದೆ ಕಾಯಿರಿ.

ಎಷ್ಟು ಎತ್ತರ ಬೇಕು? ಟ್ಯಾಂಕಿನ ತುಂಬಿದ ಮಟ್ಟಕ್ಕೆ ಸಮ ಇದ್ದರೆ ಸಾಲದು. ಬಿಸಿ ನೀರು ಹಗುರ. ನಾಲ್ಕು ಮೀಟರ್ ತಣ್ಣೀರಿಗೆ ಸಮ ತೂಗಲು ಬಿಸಿ ನೀರು ಏರ್ ಪೈಪಿನಲ್ಲಿ 10ರಿಂದ 15 ಸೆಂ.ಮೀ. ಜಾಸ್ತಿ ಎತ್ತರ ನಿಲ್ಲುತ್ತದೆ. ನಾನು ಇಡುವ ಲೆಕ್ಕ ಇದು: 15 ಸೆಂ.ಮೀ. ಮೊದಲಿಗೆ, ಆಮೇಲೆ ಬಾಯ್ಲರಿನಿಂದ ಟ್ಯಾಂಕಿನ ನೀರಿನ ಮಟ್ಟದವರೆಗೆ ಪ್ರತಿ ಮೀಟರಿಗೆ 4 ಸೆಂ.ಮೀ. ನಾಲ್ಕು ಮೀಟರಿಗೆ ಹೆಚ್ಚುಕಮ್ಮಿ ಒಂದು ಅಡಿ ಆಯಿತು. ಇದು ಕಡಿಮೆ ಅಂದರೆ ಬೇಕಾಗುವ ಎತ್ತರ. ಒಂದೂವರೆಯಿಂದ ಎರಡು ಅಡಿ ಬಿಟ್ಟರೆ ನಿಶ್ಚಿಂತೆ. ಕಣ್ಣಂದಾಜಿನಲ್ಲಿ ಮಾಡಬೇಡಿ. ಟ್ಯಾಂಕ್ ಒಂದು ಕಡೆ, ಬಾಯ್ಲರ್ ಇನ್ನೊಂದು ಕಡೆ, ನಡುವೆ ಮನೆಯ ಮಾಡು. ಕಣ್ಣು ಮೋಸ ಮಾಡುತ್ತದೆ. ಗಾರೆ ಕೆಲಸದವರು ಮಟ್ಟ ನೋಡುವ, ನೀರು ತುಂಬಿದ ಟ್ಯೂಬ್ ಲೆವೆಲ್ ತರಿಸಿ ಅಳೆಸಿ.

ಪೈಪ್ ಮುಕ್ಕಾಲು ಇಂಚಿಗಿಂತ ಸಣ್ಣದಿರಬಾರದು. ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ತಾಮ್ರದ್ದೇ ಇರಲಿ. ಸಾಮಾನ್ಯ ಪಿವಿಸಿ 60 ಡಿಗ್ರಿಯಿಂದಾಚೆಗೆ ಮೆತ್ತಗಾಗಿ ಬಾಗುತ್ತದೆ. ಸಿಪಿವಿಸಿ ಬಿಸಿ ನೀರಿಗೆ ಆಗುತ್ತದೆ, ಆದರೆ ಸೌದೆ ಬಾಯ್ಲರಿನ ಆವಿಗೆ ನಾನು ಅದನ್ನು ನಂಬುವುದಿಲ್ಲ. ಬಾಯ್ಲರಿನ ನೆತ್ತಿಯಿಂದ ಬಾಯಿಯವರೆಗೆ ಪೈಪ್ ಏರುತ್ತಲೇ ಹೋಗಬೇಕು, ನಡುವೆ ತಗ್ಗು ಇರಬಾರದು. ತುದಿಯನ್ನು ಕೆಳಮುಖವಾಗಿ ಬಗ್ಗಿಸಿ, ಯಾರೂ ನಿಲ್ಲದ ಕಡೆಗೆ ತಿರುಗಿಸಿ. ಬಾಯಿಗೆ ಬಟ್ಟೆ ಕಟ್ಟುವುದು, ಸಣ್ಣ ಕಣ್ಣಿನ ಜಾಲರಿ ಹಾಕುವುದು ಬೇಡ. ಕಣಜ ಗೂಡು ಕಟ್ಟುತ್ತದೆ ಅನ್ನುವ ಹೆದರಿಕೆ ಇದ್ದರೆ ಮಳೆಗಾಲದ ಮೊದಲು ಒಮ್ಮೆ, ನವೆಂಬರ್ ಡಿಸೆಂಬರಿನಲ್ಲಿ ಪುತ್ತರಿ ಹಬ್ಬದ ಹೊತ್ತಿಗೆ ಒಮ್ಮೆ ತಂತಿ ಆಡಿಸಿ ನೋಡಿ. ತಾಮ್ರದ ಬಾಯ್ಲರಿಗೆ ಜಿಐ ಪೈಪನ್ನು ನೇರವಾಗಿ ಸೇರಿಸಿದರೆ ಜಿಐ ಬೇಗ ಕೊರೆದುಹೋಗುತ್ತದೆ. ನಡುವೆ ಹಿತ್ತಾಳೆಯ ಫಿಟ್ಟಿಂಗ್ ಇರಲಿ.

ಟ್ಯಾಂಕಿನಿಂದ ಬರುವ ತಣ್ಣೀರಿನ ಪೈಪನ್ನೂ ಈ ಸಲ ನೋಡಿಸಿ. ಅದು ಪಿವಿಸಿ ಆಗಿದ್ದರೆ, ಇಷ್ಟು ದಿನ ಅದರಲ್ಲಿ ಬಿಸಿ ನೀರು ಹಿಂದಕ್ಕೆ ಹರಿದಿದೆ. ಬಾಯ್ಲರಿನ ಹತ್ತಿರದ ಕೀಲುಗಳು ಸಡಿಲವಾಗಿರಬಹುದು, ಪೈಪ್ ಜೋತುಬಿದ್ದಿರಬಹುದು. ಬಾಯ್ಲರಿನಿಂದ ಕೊನೆಯ ಒಂದೂವರೆ ಮೀಟರ್ ಜಿಐಗೆ ಬದಲಾಯಿಸಿ. ಬಾಯ್ಲರಿಗೆ ಸೇರುವ ಮೊದಲು ಪೈಪ್ ಒಂದಷ್ಟು ಕೆಳಗಿಳಿದು ಮತ್ತೆ ಮೇಲೆ ಬರುವ ಹಾಗೆ ಬಾಗಿಸಿದರೆ ಕಾವು ತಾನಾಗಿ ಹಿಂದೆ ಹತ್ತುವುದು ಕಡಿಮೆಯಾಗುತ್ತದೆ. ಎನ್‌ಆರ್‌ವಿ ಬೇಕಾಗುವುದೇ ಇಲ್ಲ.

ಹೋಂಸ್ಟೇ ನಡೆಸುವವರು ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ, ನೀವು ಮಾಡಬಾರದು ಅಂತ ಈಗಲೇ ಹೇಳಿಬಿಡುತ್ತೇನೆ. ಶವರ್ ಜೋರಾಗಿ ಬರಲಿ ಎಂದು ಪ್ರೆಷರ್ ಪಂಪ್ ಹಾಕುತ್ತಾರೆ. ಪಂಪಿನ ಒತ್ತಡಕ್ಕೆ ಏರ್ ಪೈಪಿನಿಂದ ನೀರು ಚಿಮ್ಮುತ್ತದೆ. ಆಗ ಪೈಪ್ ಮುಚ್ಚುತ್ತಾರೆ. ಕೈಯಲ್ಲಿ ಮಾಡಿದ ತಾಮ್ರದ ಬಾಯ್ಲರ್ ಟ್ಯಾಂಕಿನ ಎತ್ತರದಿಂದ ಬರುವ ಒತ್ತಡಕ್ಕೆ ಮಾಡಿದ್ದು. 10 ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಒತ್ತಡ. ನಿಮ್ಮದು ನಾಲ್ಕು ಮೀಟರ್ ಅಂತಿಟ್ಟುಕೊಂಡರೆ 0.4 ಬಾರ್. ಮನೆಯ ಪ್ರೆಷರ್ ಪಂಪ್ ಇದರ ಮೂರು ನಾಲ್ಕು ಪಟ್ಟು ಒತ್ತಬಲ್ಲದು. ತಣ್ಣೀರಿನ ಲೈನಿಗೆ ಮಾತ್ರ ಪಂಪ್ ಹಾಕಿದರೂ ತೊಂದರೆ ತಪ್ಪುವುದಿಲ್ಲ. ಶವರಿನ ಮಿಕ್ಸರ್ ಮೂಲಕ ತಣ್ಣೀರು ಬಿಸಿ ನೀರಿನ ಪೈಪಿಗೆ ನುಗ್ಗಿ ಏರ್ ಪೈಪಿನಿಂದ ಹೊರಬೀಳುತ್ತದೆ. ಪಂಪ್ ಬೇಕೇ ಬೇಕು ಎನ್ನುವವರು ಒತ್ತಡಕ್ಕೆಂದೇ ತಯಾರಾದ, ಸೇಫ್ಟಿ ವಾಲ್ವ್ ಇರುವ ಬೇರೆ ಹೀಟರನ್ನೇ ಇಡಬೇಕು.

ಇನ್ನು ಕರೆಂಟ್. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಕರೆಂಟ್ ಇಲ್ಲದಿದ್ದರೆ ಮೋಟಾರ್ ಇಲ್ಲ, ಟ್ಯಾಂಕ್ ಖಾಲಿ. ಸೌದೆ ಬಾಯ್ಲರಿಗೆ ಕರೆಂಟ್ ಬೇಡವಲ್ಲ ಎಂದು ಬೆಂಕಿ ಹಾಕುತ್ತಾರೆ. ಹಲವು ವರ್ಷಗಳ ಹಿಂದೆ ಭಾಗಮಂಡಲದ ಕಡೆ ಒಂದು ಮನೆಗೆ ಹೋಗಿದ್ದೆ. ಕಕ್ಕಡದ, ಅಂದರೆ ಜುಲೈ ಆಗಸ್ಟ್ ಹೊತ್ತಿನ, ಮಳೆ. ಟ್ಯಾಂಕ್ ಖಾಲಿಯಾಗಿದ್ದು ಯಾರಿಗೂ ಗೊತ್ತಿರಲಿಲ್ಲ. ಬಾಯ್ಲರಿನ ನೀರು ಆರಿ, ಅದರ ನಡುವೆ ಹಾದುಹೋಗುವ ಹೊಗೆ ಕೊಳವೆ ಕೆಂಪಗಾಗಿತ್ತು. ಅಷ್ಟರಲ್ಲಿ ಕರೆಂಟ್ ಬಂತು, ಮೋಟಾರ್ ಓಡಿತು, ಕಾದ ತಾಮ್ರದ ಮೇಲೆ ತಣ್ಣೀರು ಬಿತ್ತು. ಕೊಳವೆ ಸೀಳಿಹೋಗಿ ಬೂದಿ, ಕೆಂಡ, ಆವಿ ಎಲ್ಲ ಬಾಗಿಲಿನಿಂದ ಹೊರಬಂದಿತ್ತು. ಆ ಹೊತ್ತಿಗೆ ಎದುರಿಗೆ ಯಾರೂ ಇರಲಿಲ್ಲ. ಆ ಮನೆಯ ಅಜ್ಜಿ ಐದು ನಿಮಿಷ ಮೊದಲಷ್ಟೇ ಅಲ್ಲಿಂದ ಎದ್ದು ಹೋಗಿದ್ದರು. ಇವತ್ತಿಗೂ ಯಾವ ಮನೆಗೆ ಹೋದರೂ ನಾನು ಮೊದಲು ಹೇಳುವುದು ಇದನ್ನೇ: ಬೆಂಕಿ ಹಾಕುವ ಮೊದಲು ಬಿಸಿ ನೀರಿನ ನಲ್ಲಿ ತೆರೆಯಿರಿ. ನೀರು ಧಾರೆಯಾಗಿ ಬಂದರೆ ಮಾತ್ರ ಕಡ್ಡಿ ಗೀರಿ. ನೀರಿಲ್ಲದೆ ಉರಿದದ್ದು ಗೊತ್ತಾದರೆ ನೀರು ಬಿಡಬೇಡಿ. ಮೋಟಾರ್ ಸ್ವಿಚ್ ತೆಗೆದುಬಿಡಿ, ಕೆಂಡ ಹೊರಗೆಳೆಯಿರಿ, ತಾನಾಗಿ ತಣ್ಣಗಾಗಲು ಅರ್ಧ ದಿನ ಬಿಡಿ.

ತಳದಿಂದ ತೊಟ್ಟಿಕ್ಕುವ ನೀರಿಗೆ ಬರೋಣ. ಹೊಸ ಬಾಯ್ಲರಿಗೆ ಹಣ ಕೊಡುವ ಮೊದಲು ಇದನ್ನು ನಿಧಾನವಾಗಿ ಓದಿ. ಸೌದೆ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಬರುತ್ತದೆ. ಸೌದೆ ಹಸಿಯಾದಷ್ಟೂ ಆವಿ ಜಾಸ್ತಿ. ಬೆಳಿಗ್ಗೆ ಬಾಯ್ಲರಿನ ನೀರು ತಣ್ಣಗಿರುತ್ತದೆ, ತಾಮ್ರವೂ ತಣ್ಣಗಿರುತ್ತದೆ. ಆ ಆವಿ ತಳಕ್ಕೆ ತಗುಲಿ ಬೆವರಿನಂತೆ ಹನಿಗಟ್ಟಿ ಕೆಂಡದ ಮೇಲೆ ಚುಸ್ ಚುಸ್ ಎಂದು ಬೀಳುತ್ತದೆ. ಮಸಿ ಕಲಸಿಕೊಂಡು ಕಪ್ಪಗಿರುತ್ತದೆ. ನೋಡಿದವರು ತೂತಾಗಿದೆ ಎನ್ನುತ್ತಾರೆ. ನೀರು ಬೆಚ್ಚಗಾದ ಮೇಲೆ, ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ, ಅದು ನಿಲ್ಲುತ್ತದೆ. ನಿಜವಾದ ತೂತು ಹಾಗೆ ನಿಲ್ಲುವುದಿಲ್ಲ.

ಪರೀಕ್ಷೆ ಸುಲಭ. ರಾತ್ರಿ ಬೂದಿ ಎಲ್ಲ ತೆಗೆದು, ತಳವನ್ನು ಒಣ ಬಟ್ಟೆಯಿಂದ ಒರೆಸಿ. ಒಲೆಯ ನೆಲಕ್ಕೆ ಹಳೆಯ ಪೇಪರ್ ಹಾಸಿ. ಬಾಯ್ಲರ್ ತುಂಬ ನೀರಿರಲಿ, ಬೆಂಕಿ ಬೇಡ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಬಾಯ್ಲರ್ ಚೆನ್ನಾಗಿದೆ. ಒದ್ದೆಯಾಗಿದ್ದರೂ ತಕ್ಷಣ ತೂತು ಎನ್ನಬೇಡಿ. ಹೊಗೆ ಕೊಳವೆ ಮಾಡನ್ನು ದಾಟುವ ಜಾಗದಲ್ಲಿ ಹೆಂಚಿನ ಸಂದಿನಿಂದ ಮಳೆ ನೀರು ಕೊಳವೆಗುಂಟ ಇಳಿದು ತಳಕ್ಕೆ ಬರುವುದುಂಟು. ಕೊಳವೆಯ ಹೊರಮೈ ಒದ್ದೆಯೇ ಎಂದು ಕೈಯಿಂದ ಸವರಿ ನೋಡಿ. ಕೊಳವೆಯ ತುದಿಯಲ್ಲಿ ಟೋಪಿ ಇಲ್ಲದಿದ್ದರೆ ಮಳೆ ಒಳಗಿನಿಂದಲೂ ಬರುತ್ತದೆ. ಎರಡೂ ಅಲ್ಲ, ಆದರೂ ಪೇಪರ್ ಒದ್ದೆ ಎಂದಾದರೆ ಆಗ ತೂತು. ಆಗಲೂ ತಾಮ್ರ ಬಿಸಾಡುವ ವಸ್ತುವಲ್ಲ. ತಾಮ್ರ ಹಿತ್ತಾಳೆ ಕೆಲಸ ಬಲ್ಲವರ ಹತ್ತಿರ ಒಯ್ದು ಹಿತ್ತಾಳೆ ಬೆಸುಗೆ ಹಾಕಿಸಿ. ಸೀಸ, ತವರದ ಬೆಸುಗೆ 183 ಡಿಗ್ರಿ ಸುಮಾರಿಗೇ ಕರಗುತ್ತದೆ, ಬೆಂಕಿ ತಾಗುವ ಕಡೆ ಅದು ನಿಲ್ಲದು. ಅಂಟು ಹಚ್ಚುವುದಂತೂ ಬೇಡವೇ ಬೇಡ.

ಸೌದೆ ಯಾವುದು ಹಾಕುತ್ತಿದ್ದೀರಿ ಎಂದು ನೀವು ಬರೆದಿಲ್ಲ. ತೋಟದ ಮನೆಯವರು ಏಪ್ರಿಲ್, ಮೇ ತಿಂಗಳಲ್ಲಿ ನೆರಳು ಮರದ ಕಪಾತು ಮಾಡಿಸುತ್ತಾರೆ. ಕೊಂಬೆಗಳನ್ನು ತಂದು ಕೊಟ್ಟಿಗೆಯಲ್ಲಿ ಒಟ್ಟುತ್ತಾರೆ. ಜುಲೈಯಲ್ಲಿ ಅದನ್ನೇ ಉರಿಸುತ್ತಾರೆ. ಎರಡು ತಿಂಗಳಲ್ಲಿ, ಅದೂ ಮುಂಗಾರು ಬಂದ ಮೇಲೆ, ಅದು ಒಣಗುವುದು ಹೇಗೆ? ಆಗ ತಾನೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರಿರುತ್ತದೆ. ಒಂದು ಕಿಲೋ ನೀರನ್ನು ಆವಿ ಮಾಡಿ ಕಳಿಸಲು 600 ಕಿಲೋ ಕ್ಯಾಲೊರಿಗಿಂತ ಜಾಸ್ತಿ ಕಾವು ವ್ಯರ್ಥ. ಲೆಕ್ಕ ಹಾಕಿ ನೋಡಿ. 100 ಲೀಟರ್ ನೀರನ್ನು 18ರಿಂದ 58 ಡಿಗ್ರಿಗೆ ಏರಿಸಲು 4,000 ಕಿಲೋ ಕ್ಯಾಲೊರಿ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಸುಮಾರು 3,500 ಕೊಡುತ್ತದೆ. ಅದರಲ್ಲಿ ಮೂರನೇ ಒಂದು ಭಾಗ ನೀರಿಗೆ ಸೇರಿತು ಅಂತಿಟ್ಟುಕೊಳ್ಳಿ, ಮೂರೂವರೆ ಕಿಲೋ ಸೌದೆಯಲ್ಲಿ ಕೆಲಸ ಮುಗಿಯಿತು. ಹಸಿ ಸೌದೆ ಕಿಲೋಗೆ 2,000 ಕೊಟ್ಟರೆ ಹೆಚ್ಚು. ಆರು ಕಿಲೋ ದಾಟುತ್ತದೆ. ಅದೂ ಹೊಗೆಯಾಡುತ್ತಾ, ಊದುತ್ತಾ, ಕಣ್ಣು ಉರಿಸಿಕೊಳ್ಳುತ್ತಾ.

ಹಾಗಾಗಿ ಈ ವರ್ಷ ಕಡಿದದ್ದು ಮುಂದಿನ ವರ್ಷಕ್ಕೆ. ಕೊಟ್ಟಿಗೆಯಲ್ಲಿ ಎರಡು ಸಾಲು ಮಾಡಿ, ಹಳೆಯದು ಒಂದು ಕಡೆ, ಹೊಸದು ಒಂದು ಕಡೆ. ನೆಲಕ್ಕೆ ತಾಗದಂತೆ ಅಡ್ಡ ಮರದ ಮೇಲೆ ಒಟ್ಟಿ, ಪಕ್ಕದಿಂದ ಗಾಳಿ ಆಡಲಿ. ದಪ್ಪ ಕೊರಡನ್ನು ಸೀಳದೆ ಇಟ್ಟರೆ ವರ್ಷವಾದರೂ ಒಳಗೆ ಹಸಿ ಇರುತ್ತದೆ. ಸೀಳಿಯೇ ಒಟ್ಟಬೇಕು. ಕಿತ್ತ ಕಾಫಿ ಗಿಡದ ಬುಡ ಸಿಕ್ಕಿದರೆ ಬಿಡಬೇಡಿ. ಗಟ್ಟಿ ಮರ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ, ಶುರುವಿಗೆ ಒಳ್ಳೆಯದು. ಹಾಲುವಾಣ ಉರಿಸುವುದು ಸುಮ್ನೆ ಶ್ರಮ. ಈ ವರ್ಷಕ್ಕೆ ಹಳೆಯ ಸೌದೆ ಇಲ್ಲದಿದ್ದರೆ, ನಾಲ್ಕು ದಿನಕ್ಕೆ ಬೇಕಾದಷ್ಟನ್ನು ಸಣ್ಣಗೆ ಸೀಳಿ ಬಾಯ್ಲರ್ ಇರುವ ಕಡೆ ಮೂರಡಿ ದೂರದಲ್ಲಿ ಜೋಡಿಸಿಡಿ. ಆ ಕಾವಿಗೆ ಸ್ವಲ್ಪವಾದರೂ ಒಣಗುತ್ತದೆ. ಬಾಯ್ಲರಿಗೆ ಆನಿಸಿ ಇಡಬೇಡಿ, ರಾತ್ರಿ ಬೆಂಕಿ ಹಿಡಿಯುತ್ತದೆ.

ಹಸಿ ಸೌದೆಯ ಇನ್ನೊಂದು ಕಾಟ ಮಸಿ. ಬರೀ ಪುಡಿ ಮಸಿಯಾದರೆ ಉದುರುತ್ತದೆ. ಹಸಿ ಸೌದೆಯ ಹೊಗೆ ತಣ್ಣನೆ ಕೊಳವೆಗೆ ತಾಗಿ ಟಾರಿನಂತೆ ಅಂಟುತ್ತದೆ. ಹೊಗೆ ಹೋಗುವ ದಾರಿ ಕಿರಿದಾಗುತ್ತದೆ, ನಡುವಿನ ಕೊಳವೆಯ ಗೋಡೆಗೆ ಮಸಿ ಕಂಬಳಿ ಹೊದಿಸಿದಂತೆ ಆಗುತ್ತದೆ. ಬೆಂಕಿ ಎಷ್ಟಿದ್ದರೂ ಕಾವು ನೀರಿಗೆ ದಾಟದು. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಉಜ್ಜಿ. ಉದ್ದ ಬಿದಿರಿನ ತುದಿಗೆ ತೆಂಗಿನ ನಾರು ಬಿಗಿಯಾಗಿ ಕಟ್ಟಿದರೆ ಸಾಕು. ಬೂದಿಯನ್ನು ದಿನಾ ತೆಗೆಯಿರಿ. ಕಂಬಿಯ ಕೆಳಗೆ ಬೂದಿ ತುಂಬಿದರೆ ಬೆಂಕಿಗೆ ಕೆಳಗಿನಿಂದ ಗಾಳಿ ಸಿಗದು. ಟಾರ್ ಜಾಸ್ತಿ ಕಟ್ಟಿದರೆ ಒಂದು ದಿನ ಕೊಳವೆಯೊಳಗೇ ಬೆಂಕಿ ಹತ್ತಿ ಗುಯ್ ಎಂದು ಸದ್ದು ಮಾಡುತ್ತದೆ. ಹಾಗಾದರೆ ಕೊಳವೆಗೆ ನೀರು ಸುರಿಯಬೇಡಿ. ಒಲೆಯ ಬಾಗಿಲು, ಬೂದಿ ಬಾಗಿಲು ಎರಡೂ ಮುಚ್ಚಿ ಗಾಳಿ ತಪ್ಪಿಸಿ, ಮಾಡಿನ ಮರಕ್ಕೆ ಹತ್ತದಂತೆ ನೋಡಿಕೊಳ್ಳಿ.

ಟಾರ್ಪಾಲ್ ವಿಷಯ ಈಗ. ಮಳೆ ಎರಚಲು ಬರುತ್ತದೆ ಎಂದು ಇಳಿಮಾಡಿನ ಮೂರೂ ಕಡೆ ಕಟ್ಟಿ, ಅತ್ತೆ ಮಾವನಿಗೆ ಚಳಿ ಎಂದು ಬಚ್ಚಲಿನ ಕಿಟಕಿಯನ್ನೂ ಮುಚ್ಚಿದರೆ ಬೆಂಕಿಗೆ ಗಾಳಿ ಎಲ್ಲಿಂದ ಬರಬೇಕು? ಹೊಗೆ ಮೇಲೆ ಹೋಗಬೇಕಾದರೆ ಅಷ್ಟೇ ಗಾಳಿ ಕೆಳಗಿನಿಂದ ಒಳಗೆ ಬರಬೇಕು. ಬರದಿದ್ದರೆ ಹೊಗೆ ಹಿಂದಕ್ಕೆ ತಿರುಗುತ್ತದೆ. ಟಾರ್ಪಾಲನ್ನು ನೆಲದಿಂದ ಒಂದೂವರೆ ಅಡಿ ಮೇಲೆ ಕಟ್ಟಿ. ಪೈಪ್ ಬಚ್ಚಲಿಗೆ ಬರುವ ಗೋಡೆಯ ತೂತನ್ನು ಗಾರೆ ಹಾಕಿ ಮುಚ್ಚಿಸಿ. ಕಿಟಕಿಯ ಮೇಲಿನ ಭಾಗ ತೆರೆದೇ ಇರಲಿ. ಕಣ್ಣು ಉರಿಸುವ ಹೊಗೆ ಗೊತ್ತಾಗುತ್ತದೆ, ಓಡಿ ಹೊರಗೆ ಬರುತ್ತೇವೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಬಚ್ಚಲಿನಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಬಿಸಿ ನೀರಿನಿಂದ ಬಂತು ಎಂದುಕೊಳ್ಳಬೇಡಿ, ತಕ್ಷಣ ಬಾಗಿಲು ತೆರೆದು ಹೊರಗೆ ಬನ್ನಿ. ಚಳಿಗೆಂದು ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಮಲಗುವ ಕೋಣೆಯಲ್ಲಿ ಇಡುವ ರೂಢಿ ಇದ್ದರೆ ಅದನ್ನೂ ನಿಲ್ಲಿಸಿ. ಅತಿಥಿಗಳ ರೂಮಿನಲ್ಲಂತೂ ಖಂಡಿತ ಬೇಡ.

ಮಳೆಯ ದಿನ ಕೊಳವೆ ಒದ್ದೆಯಾಗಿ ತಣ್ಣಗಿದ್ದರೆ ಶುರುವಿನಲ್ಲಿ ಹೊಗೆ ಮೇಲೆ ಏರುವುದಿಲ್ಲ. ಒಂದೆರಡು ಒಣ ಅಡಿಕೆ ಹಾಳೆ ಅಥವಾ ಪೇಪರನ್ನು ಮೊದಲು ಜೋರಾಗಿ ಉರಿಸಿ ಕೊಳವೆ ಬೆಚ್ಚಗೆ ಮಾಡಿ, ಆಮೇಲೆ ಸೌದೆ ಹಾಕಿ. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಎರಡು ಮೂರಡಿ ಮೇಲೆ ಇರಬೇಕು. ನಿಮ್ಮಲ್ಲಿ ಹೊಸದಾಗಿ ಮಹಡಿ ಎದ್ದಿದೆಯಲ್ಲ, ಹಳೆಯ ಕೊಳವೆ ಈಗ ಗೋಡೆಯ ಮರೆಗೆ ಬಿದ್ದಿದ್ದರೆ ಗಾಳಿ ಅದರೊಳಗೆ ತಳ್ಳುತ್ತಿರಬಹುದು. ಹೊಗೆ ಕಳೆದ ವರ್ಷದ ಕಟ್ಟಡದ ಮೇಲೆಯೇ ಶುರುವಾಗಿದ್ದಾದರೆ ಇದನ್ನು ಮೊದಲು ನೋಡಿ.

ಮಹಡಿಯ ರೂಮಿಗೆ ಬಿಸಿ ನೀರು ತಡವಾಗಿ ಬರುತ್ತಿದ್ದರೆ ಅದು ಬೇರೆ ಲೆಕ್ಕ. 15 ಮೀಟರ್ ಮುಕ್ಕಾಲು ಇಂಚಿನ ಪೈಪಿನಲ್ಲಿ ನಾಲ್ಕೂವರೆ ಲೀಟರಿಗೂ ಜಾಸ್ತಿ ತಣ್ಣೀರು ನಿಂತಿರುತ್ತದೆ. ಅದು ಹೋದ ಮೇಲೆಯೇ ಬಿಸಿ ಬರುವುದು. ಪೈಪಿಗೆ ಫೋಮ್ ಹೊದಿಸಿ, ಅತಿಥಿಗಳಿಗೆ ಒಂದು ಬಕೆಟ್ ಇಟ್ಟು ವಿಷಯ ಹೇಳಿ. ಜೊತೆಗೆ ಇದನ್ನೂ ಹೇಳಿ: ಬಾಯ್ಲರಿನ ನೀರು ಗೀಸರಿನ ಹಾಗೆ ಒಂದು ಹದದಲ್ಲಿ ನಿಲ್ಲುವುದಿಲ್ಲ. 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳಿಗೆ ಮೊದಲು ತಣ್ಣೀರು ತೆರೆದು ಆಮೇಲೆ ಬಿಸಿ ಬೆರೆಸಬೇಕು.

ಗೀಸರ್ ಕೆಟ್ಟಿಲ್ಲ ಅನ್ನಿಸುತ್ತದೆ. 2,000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 25 ಲೀಟರನ್ನು 40 ಡಿಗ್ರಿ ಏರಿಸಲು 35 ನಿಮಿಷ ಬೇಕು. ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಗೀಸರ್ 1,225 ವ್ಯಾಟ್ ಮಾತ್ರ ಎಳೆಯುತ್ತದೆ, ಒಂದು ಗಂಟೆ ಹತ್ತಿರವಾಗುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ಸಂಜೆ ಆರೇಳು ಗಂಟೆಗೆ ವೋಲ್ಟೇಜ್ ಅಳೆಸಿ. ವೋಲ್ಟೇಜ್ ಸರಿ ಇದ್ದೂ ತಡವಾದರೆ ಆಗ ಎಲಿಮೆಂಟ್ ನೋಡಿಸಿ.

ಏರ್ ಪೈಪ್ ಎತ್ತರಿಸಿ ಆದ ಮೇಲೆ ಮೊದಲ ಬೆಂಕಿಗೆ ನೀವೇ ಎದುರಿಗೆ ಇರಿ, ಪ್ಲಂಬರನ್ನೂ ಉಳಿಸಿಕೊಳ್ಳಿ. ಟ್ಯಾಂಕ್ ಪೂರ್ತಿ ತುಂಬಿಸಿ. ಬೆಂಕಿ ಇಲ್ಲದೆಯೇ ಏರ್ ಪೈಪಿನಿಂದ ನೀರು ಬಂದರೆ ಎತ್ತರ ಸಾಲದು, ಇನ್ನಷ್ಟು ಏರಿಸಬೇಕು. ಬರದಿದ್ದರೆ ಎಲ್ಲಾ ನಲ್ಲಿ ಒಂದೊಂದಾಗಿ ತೆರೆದು ಗಾಳಿ ಹೋಗಿ ಧಾರೆ ಕಟ್ಟುವ ತನಕ ಬಿಡಿ. ಆಮೇಲೆ ಸಣ್ಣ ಬೆಂಕಿ ಹಾಕಿ. ಅರ್ಧ ಗಂಟೆಗೆ ಟ್ಯಾಂಕಿನ ಕಡೆಯ ತಣ್ಣೀರಿನ ಪೈಪ್ ಮುಟ್ಟಿ ನೋಡಿ, ತಣ್ಣಗೇ ಇರಬೇಕು. ಒಂದು ಗಂಟೆ ಬಿಟ್ಟು ಇನ್ನೆರಡು ತುಂಡು ಸೌದೆ ಹಾಕಿ ಬೇಕೆಂದೇ ಜಾಸ್ತಿ ಕಾಯಿಸಿ. ಏರ್ ಪೈಪಿನ ಬಾಯಿಯಿಂದ ಬಿಳಿ ಆವಿ, ಒಂದಷ್ಟು ಬಿಸಿ ಹನಿ ಬರಬೇಕು. ಒಳಗೆ ಬಡಿತ ಕೇಳಿಸಬಾರದು. ಅಷ್ಟಾದರೆ ಕೆಳಗಿನ ಬಚ್ಚಲಿನ ನಲ್ಲಿ ತೆರೆದು ಎರಡು ಬಕೆಟ್ ಬಿಸಿ ನೀರು ಹೊರಗೆ ಬಿಡಿ. ಒಳಗೆ ಕದಡಿದ ಕೆಸರು, ಕಿಲುಬು ಇದ್ದರೆ ಅದರಲ್ಲಿ ಕಾಣಬಹುದು. ಈ ನೀರನ್ನು ಅಡುಗೆಗೆ, ಕುಡಿಯಲು ಬಳಸಬೇಡಿ. ಮೂರನೇ ಬಕೆಟಿನಿಂದ ಸ್ನಾನಕ್ಕೆ ಬಳಸಬಹುದು.